ಕಂಡದ್ದು, ಕೇಳಿದ್ದು, ಊಹಿಸಿದ್ದು
ನೆನಪಿನ ಬರಹ: ಓದುಗರ ಪ್ರಶ್ನೆಗಳಿಗೆ ಉತ್ತರ

ನೆನಪುಗಳನ್ನು ಬರೆಯಲು ಹೊರಟವರು ತಮ್ಮ ಸಂದೇಹಗಳನ್ನು ಬರೆದು ಕಳುಹಿಸಬಹುದೆಂದು ಹಿಂದಿನ ಸಂಚಿಕೆಯಲ್ಲಿ ಸೂಚಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳವು. ಅದೇ ಸೀಮೆಯವನಾದ ನನಗೆ ಇದರಿಂದ ಆಶ್ಚರ್ಯವಾಗಲಿಲ್ಲ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು, ವಿಲ್ಲೇಜ್ ಆಫೀಸಿನಲ್ಲಿ ಮತ್ತೊಂದು ಎಂದು ಬದುಕು ಕಳೆದವರಿಗೆ ಹೇಳಿಕೊಳ್ಳುವುದು ಬೇಕಾದಷ್ಟಿರುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಮಾಡಿ, ಪತ್ರಗಳನ್ನು ಮೊಟಕುಗೊಳಿಸಿ, ಕೇಳಿದವರ ಹೆಸರುಗಳನ್ನು ಬಿಟ್ಟು, ತಿಳಿದಷ್ಟನ್ನು ಬರೆದಿದ್ದೇನೆ.

ಪ್ರಶ್ನೆ: ಮೂವತ್ತೊಂದು ವರ್ಷ ಅಧ್ಯಾಪಿಕೆಯಾಗಿದ್ದು ನಿವೃತ್ತಳಾದೆ. ಹುಟ್ಟಿದಲ್ಲಿಂದ ನಿವೃತ್ತಿಯ ದಿನದವರೆಗಿನದನ್ನು ಮೂರು ನೋಟುಪುಸ್ತಕಗಳಲ್ಲಿ ಬರೆದಿದ್ದೇನೆ. ಮಗಳು ಓದಿ, ‘ಅಮ್ಮಾ, ಇದು ನಿಮ್ಮ ಸರ್ವಿಸ್ ಬುಕ್ಕಿನ ಹಾಗೇ ಇದೆ’ ಎಂದಳು. ಬರೆದದ್ದೆಲ್ಲ ನಿಜವೇ. ಹಾಗಿದ್ದರೆ ತಪ್ಪಿದ್ದು ಎಲ್ಲಿ? ಮೊದಲ ಕೆಲವು ಪುಟಗಳ ಪ್ರತಿ ಇಟ್ಟಿದ್ದೇನೆ.
— ನಿವೃತ್ತ ಅಧ್ಯಾಪಿಕೆ, ಬದಿಯಡ್ಕ

ಉತ್ತರ: ಮಗಳ ಮಾತಿಗೆ ಬೇಸರಿಸಬೇಡಿ, ಅವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಸರ್ವಿಸ್ ಬುಕ್ಕಿನಲ್ಲಿ ಇರುವುದೂ ಎಲ್ಲವೂ ನಿಜವೇ. ಯಾವ ವರ್ಷ ಯಾವ ಶಾಲೆಗೆ ವರ್ಗವಾಯಿತು, ಯಾವಾಗ ಬಡ್ತಿ ಸಿಕ್ಕಿತು ಎಂಬುದನ್ನು ಅದಕ್ಕಿಂತ ಚೊಕ್ಕವಾಗಿ ಯಾರೂ ಬರೆಯಲಾರರು. ಆದರೆ ಅದರಲ್ಲಿ ಒಂದು ವರ್ಷಕ್ಕೂ ಇನ್ನೊಂದು ವರ್ಷಕ್ಕೂ ತೂಕದಲ್ಲಿ ವ್ಯತ್ಯಾಸವಿಲ್ಲ. ನಿಮ್ಮ ನೋಟುಪುಸ್ತಕಕ್ಕೆ ಅಂಟಿಕೊಂಡಿರುವ ದೋಷವೂ ಇಷ್ಟೇ.

ಆತ್ಮಕಥೆ ಬೇರೆ, ನೆನಪಿನ ಬರಹ ಬೇರೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಆತ್ಮಕಥೆ ಬರೆಯುವವರು ತಮ್ಮ ಇಡೀ ಆಯುಷ್ಯದ ಲೆಕ್ಕ ಒಪ್ಪಿಸುತ್ತಾರೆ. ನೆನಪಿನ ಬರಹ ಅದರ ಒಂದು ಗದ್ದೆಯನ್ನು ಮಾತ್ರ ಉಳುತ್ತದೆ: ಒಂದು ಶಾಲೆಯ ನಾಲ್ಕು ವರ್ಷ, ಒಂದು ಮನೆಯ ಒಂದು ಮಳೆಗಾಲ, ಒಬ್ಬ ಮನುಷ್ಯನ ಜೊತೆಗಿನ ಒಡನಾಟ. ಡಿ.ವಿ.ಜಿ.ಯವರು ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ತಮ್ಮ ಜೀವನವನ್ನು ಹುಟ್ಟಿನಿಂದ ಕ್ರಮವಾಗಿ ಹೇಳುವ ಗೋಜಿಗೇ ಹೋಗಲಿಲ್ಲ, ತಾವು ಕಂಡ ಸಾಹಿತಿಗಳನ್ನು, ಕಲಾವಿದರನ್ನು, ದಿವಾನರನ್ನು, ವೈದಿಕರನ್ನು ಒಬ್ಬೊಬ್ಬರಾಗಿ ಚಿತ್ರಿಸಿದರು. ಹಾಗೆ ಚಿತ್ರಿಸುತ್ತ ಹೋದಂತೆ, ನೋಡುತ್ತಿದ್ದ ಆ ಕಣ್ಣು ಯಾರದೆಂಬುದು ಓದುವವರಿಗೆ ತಾನಾಗಿಯೇ ಗೊತ್ತಾಗುತ್ತದೆ.

ನೀವು ಕಳುಹಿಸಿದ ಏಳನೆಯ ಪುಟಕ್ಕೆ ಬರೋಣ. ಅಲ್ಲಿ, ‘ಆ ಶಾಲೆಯಲ್ಲಿ ಮಳೆಗಾಲದಲ್ಲಿ ಮಕ್ಕಳಿಗೆ ತುಂಬ ತೊಂದರೆಯಾಗುತ್ತಿತ್ತು’ ಎಂದು ಬರೆದಿದ್ದೀರಿ. ಅದರ ಪಕ್ಕದ ಅಂಚಿನಲ್ಲಿ, ಬಹುಶಃ ನಿಮ್ಮ ನೆನಪಿಗೆಂದು, ಪೆನ್ಸಿಲಿನಲ್ಲಿ ಮೂರು ಶಬ್ದಗಳಿವೆ: ‘ಅಡಿಕೆಮರದ ಸಂಕ, ಸ್ಲೇಟು’. ನಿಮ್ಮ ಪುಸ್ತಕ ಇರುವುದು ಆ ಅಂಚಿನಲ್ಲಿ. ತೋಡು ದಾಟಲು ಎರಡು ಮರ ಅಡ್ಡ ಹಾಕಿದ ಸಂಕವೋ, ಮೂರು ಮರದ್ದೋ? ಹಿಡಿದುಕೊಳ್ಳಲು ಬೀಳು ಬಳ್ಳಿಯಾದರೂ ಇತ್ತೇ? ತೋಡಿನಲ್ಲಿ ನೀರು ಏರಿದ ದಿನ ಶಾಲೆ ಬಿಡುವ ಗಂಟೆಯನ್ನು ನೀವೇ ಬೇಗ ಹೊಡೆಸಿದಿರೇ, ಹೆಡ್ಮಾಸ್ಟರರ ಅಪ್ಪಣೆಗೆ ಕಾದಿರೇ? ಸ್ಲೇಟು ತೋಡಿಗೆ ಬಿದ್ದದ್ದು ಯಾರದು, ಮರುದಿನ ಆ ಮಗು ಯಾವುದರಲ್ಲಿ ಬರೆಯಿತು? ಇದನ್ನು ನಾನು ಬರೆದುಕೊಡಲಾರೆ, ಸಂಕದ ಆಚೆ ದಡದಲ್ಲಿ ನಿಂತದ್ದು ನೀವು. ಆದರೆ ಈ ಪ್ರಶ್ನೆಗಳಿಗೆ ಉತ್ತರ ಬರೆದ ಮೇಲೆ ‘ತುಂಬ ತೊಂದರೆ’ ಎಂಬ ಮಾತನ್ನು ನೀವೇ ಹೊಡೆದುಹಾಕುತ್ತೀರಿ ಎಂಬ ಭರವಸೆ ನನಗಿದೆ. ತೊಂದರೆ, ಸಂತೋಷ, ಅವರ್ಣನೀಯ, ಮರೆಯಲಾಗದ ಎಂಬ ಶಬ್ದಗಳು ಮುಚ್ಚಿದ ಬಾಗಿಲುಗಳು. ಒಳಗೆ ಏನೋ ಇದೆಯೆಂದು ಹೇಳುತ್ತವೆಯೇ ಹೊರತು ಒಳಗೆ ಬಿಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ನಿಮ್ಮ ಬರಹದ ‘ನಾನು’ ಒಬ್ಬರಲ್ಲ, ಇಬ್ಬರು. ಸಂಕದ ಬಳಿ ನಿಂತ ಇಪ್ಪತ್ತಮೂರರ ಅಧ್ಯಾಪಿಕೆ ಒಬ್ಬಳು, ಅವಳನ್ನು ನೆನೆಯುತ್ತ ಕುಳಿತಿರುವ ಈಗಿನವರು ಇನ್ನೊಬ್ಬರು. ಆ ಅಧ್ಯಾಪಿಕೆಗೆ ಹೆದರಿಕೆಯಿತ್ತು, ತಾತ್ಕಾಲಿಕ ಹುದ್ದೆ ಕಾಯಂ ಆಗುವ ಚಿಂತೆಯಿತ್ತು. ಈಗಿನವರಿಗೆ ಅದರ ಮುಂದಿನದೆಲ್ಲ ಗೊತ್ತು. ಇಬ್ಬರೂ ಮಾತಾಡಬಹುದು, ಆದರೆ ಯಾರು ಮಾತಾಡುತ್ತಿದ್ದಾರೆಂಬುದು ಓದುವವರಿಗೆ ತಿಳಿಯಬೇಕು. ನಿಮ್ಮ ಪುಟಗಳಲ್ಲಿ ಈಗಿನವರು ಅವಳಿಗೆ ಬಾಯಿ ತೆರೆಯಲೂ ಬಿಟ್ಟಿಲ್ಲ.

ಮೂರು ನೋಟುಪುಸ್ತಕಗಳನ್ನು ಹರಿಯಬೇಡಿ, ಅವು ನಿಮ್ಮ ಕಣಜ. ಆ ಒಂದು ಶಾಲೆಯ ವರ್ಷಗಳನ್ನು ಮಾತ್ರ ಎತ್ತಿಕೊಂಡು ಮತ್ತೆ ಬರೆಯಿರಿ. ಉಳಿದ ವರ್ಷಗಳು ಬೇಕಾದಲ್ಲಿ ಒಂದು ಸಾಲಾಗಿ ತಾವೇ ಬಂದು ಸೇರಿಕೊಳ್ಳುತ್ತವೆ.

ಪ್ರಶ್ನೆ: ತಂದೆಯವರ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ತೋಟಕ್ಕೆ ಇಂದಿಗೂ ನೀರು ಕೊಡುವ ಸುರಂಗವನ್ನು ಅವರು ತೋಡಿಸಿದರು. ಅದು ಯಾವಾಗ ಎಂದು ಕೇಳಿದಾಗಲೆಲ್ಲ ‘ದುರ್ಮುಖಿಯ ಬೇಸಗೆ, ಪತ್ತನಾಜೆಗೆ ಮೊದಲು ನೀರು ಸಿಕ್ಕಿತು’ ಎನ್ನುತ್ತಿದ್ದರು. ಇಸವಿ ಹೇಳುತ್ತಿರಲಿಲ್ಲ. ಇಂಥ ನೆನಪನ್ನು ನಂಬಿ ಬರೆಯಬಹುದೇ?
— ಕೃಷಿಕರು, ಪೆರ್ಲ

ಉತ್ತರ: ನಂಬಬಹುದು, ಲೆಕ್ಕ ಹಾಕಿ ನಂಬಬೇಕು. ನಿಮ್ಮ ತಂದೆಯವರು ಇಸವಿ ಹೇಳದಿದ್ದರೂ ಅದಕ್ಕಿಂತ ಹೆಚ್ಚಿನದನ್ನು ಹೇಳಿದ್ದಾರೆ. ಅರುವತ್ತು ಸಂವತ್ಸರಗಳಲ್ಲಿ ಪ್ರಭವದಿಂದ ಎಣಿಸಿದರೆ ದುರ್ಮುಖಿ ಮೂವತ್ತನೆಯದು. ಪ್ರಭವ ಬಂದದ್ದು 1927ರಲ್ಲಿ. ಆದ್ದರಿಂದ ದುರ್ಮುಖಿ 1956ರ ಯುಗಾದಿಯಿಂದ 1957ರ ಯುಗಾದಿಯವರೆಗೆ. ಅದೇ ಹೆಸರು ಮರಳಿ ಬಂದದ್ದು 2016ರಲ್ಲಿ, ಹಾಗಾಗಿ ಗೊಂದಲಕ್ಕೆ ಎಡೆಯಿಲ್ಲ. ಪತ್ತನಾಜೆಯೆಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಯಕ್ಷಗಾನದ ಆಟದ ಮೇಳಗಳು ಗೆಜ್ಜೆ ಬಿಚ್ಚುವ, ದೈವಗಳ ಕೋಲ ನೇಮಗಳು ನಿಲ್ಲುವ ದಿನ. ಅಂದ ಮೇಲೆ 1956ರ ಏಪ್ರಿಲ್ ನಡುವಿನಿಂದ ಮೇ 24ರೊಳಗೆ ನೀರು ಸಿಕ್ಕಿತೆಂದು ಹೇಳಿಬಿಡಬಹುದೇ? ಅಲ್ಲಿ ಸ್ವಲ್ಪ ನಿಲ್ಲಬೇಕು. 1957ರ ಫೆಬ್ರವರಿ, ಮಾರ್ಚ್ ಕೂಡ ದುರ್ಮುಖಿಯ ಬೇಸಗೆಯೇ, ಅದೂ ಪತ್ತನಾಜೆಗೆ ಮೊದಲೇ. ಎರಡರಲ್ಲಿ ಒಂದನ್ನು ಆರಿಸಲು ಇನ್ನೊಂದು ಸಾಕ್ಷಿ ಬೇಕು. ಸುರಂಗ ತೋಡುವಾಗ ನಮ್ಮ ತಾಲೂಕು ಇನ್ನೂ ಮದ್ರಾಸಿನಲ್ಲಿತ್ತೇ, ಕೇರಳಕ್ಕೆ ಸೇರಿಯಾಗಿತ್ತೇ? ಕೇರಳ ಏರ್ಪಟ್ಟದ್ದು 1956ರ ನವೆಂಬರ್ 1ಕ್ಕೆ, ಅದರ ಮೊದಲ ವಿಧಾನಸಭಾ ಚುನಾವಣೆ ನಡೆದದ್ದು 1957ರ ಫೆಬ್ರವರಿ, ಮಾರ್ಚಿನಲ್ಲಿ. ಮುರಕಲ್ಲಿನ ಗುಡ್ಡಕ್ಕೆ ಪಿಕ್ಕಾಸು ಹಾಕುತ್ತಿದ್ದ ಕೆಲಸದವರು ಒಂದು ದಿನ ಓಟು ಹಾಕಲು ಹೋದ ಮಾತು ಮನೆಯಲ್ಲಿ ಎಂದಾದರೂ ಬಂದಿತ್ತೇ ಎಂದು ನಿಮ್ಮ ಸೋದರತ್ತೆಯಂಥ ಹಿರಿಯರಿದ್ದರೆ ಕೇಳಿನೋಡಿ. ಹಳಬರಿಗೆ ಅಂಕಿ ಮರೆತಿರುತ್ತದೆ, ಆದರೆ ಯಾವುದರ ಹಿಂದೆ ಯಾವುದು ಎಂಬುದು ಮರೆತಿರುವುದಿಲ್ಲ.

ಹೀಗೆ ಪರೀಕ್ಷಿಸದೆ ಬರೆದು ನಾನೇ ಪೆಟ್ಟು ತಿಂದಿದ್ದೇನೆ. ನಮ್ಮ ಅಜ್ಜನ ಗೇಣಿಯ ಗದ್ದೆಯ ಕುರಿತು ಹಲವು ವರ್ಷಗಳ ಹಿಂದೆ ಬರೆದ ಲೇಖನದಲ್ಲಿ, ಗೇಣಿ ನಿಂತು ಭೂಮಿ ನಮ್ಮದಾದದ್ದು 1974ರಲ್ಲೆಂದು ಧೈರ್ಯವಾಗಿ ಬರೆದೆ. ಪುತ್ತೂರಿನ ಕಡೆಯ ನೆಂಟರ ಬಾಯಲ್ಲಿ ಆ ಇಸವಿಯನ್ನು ಎಷ್ಟು ಸಲ ಕೇಳಿದ್ದೆನೆಂದರೆ ಅದು ನಮ್ಮ ಮನೆಯ ಇಸವಿಯೇ ಆಗಿಹೋಗಿತ್ತು. ಲೇಖನ ಅಚ್ಚಾದ ವಾರವೇ ದೊಡ್ಡಮ್ಮನ ಮಗ, ನನಗಿಂತ ಹನ್ನೊಂದು ವರ್ಷಕ್ಕೆ ಹಿರಿಯ, ಫೋನು ಮಾಡಿದ: ‘ಅದು ಕರ್ನಾಟಕದ ಕಾನೂನು ಮಾರಾಯ. ನಿನ್ನ ಅಜ್ಜ ಇದ್ದದ್ದು ಕೇರಳದಲ್ಲಿ ಅಲ್ಲವೋ?’ ಹೌದು. ಕರ್ನಾಟಕದಲ್ಲಿ ಗೇಣಿ ರದ್ದಾದದ್ದು 1974ರ ಮಾರ್ಚ್ 1ರಿಂದ, ಕೇರಳದಲ್ಲಿ 1970ರ ಜನವರಿ 1ರಿಂದ. ಅಪ್ಪನ ಟ್ರಂಕಿನಲ್ಲಿದ್ದ ಲ್ಯಾಂಡ್ ಟ್ರಿಬ್ಯೂನಲಿನ ಕಾಗದವನ್ನು ತೆರೆದು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಗಡಿನಾಡಿನವರು ಮುಖ್ಯವಾಗಿ ಎಚ್ಚರವಹಿಸಬೇಕಾದ ತಪ್ಪು ಇದು. ನೆಂಟಸ್ತಿಕೆ ಗಡಿ ದಾಟುತ್ತದೆ, ಕಾನೂನು ದಾಟುವುದಿಲ್ಲ.

ಸಣ್ಣ ಸಂಗತಿಗಳಲ್ಲೂ ಹೀಗೆಯೇ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ಸುರಂಗದ ಕೆಲಸದವರಿಗೆ ನಿಮ್ಮ ತಂದೆಯವರು ಕೂಲಿ ಕೊಟ್ಟದ್ದು ಅದಕ್ಕೆ ಮೊದಲಾದ್ದರಿಂದ ನಿಮ್ಮ ಬರಹದಲ್ಲಿ ‘ಐವತ್ತು ಪೈಸೆ’ ಬರಕೂಡದು, ಎಂಟಾಣೆ ಎಂದೇ ಇರಬೇಕು. ಶಾಲೆಯ ದಾಖಲಾತಿ ರಿಜಿಸ್ಟರು, ಜಾತಕ, ಜಮೀನಿನ ಹಳೆಯ ದಸ್ತಾವೇಜು, ಮದುವೆಯ ಕರೆಯೋಲೆ, ಅಡಿಕೆ ಮಾರಿದ ಚೀಟಿ, ಇವೆಲ್ಲ ನಿಮ್ಮ ಸಾಕ್ಷಿಗಳು. ಒಂದು ಎಚ್ಚರಿಕೆ ಹೇಳಬೇಕು: ಶಾಲೆಯ ರಿಜಿಸ್ಟರಿನ ಹುಟ್ಟಿದ ದಿನಾಂಕವನ್ನು ಕಣ್ಣುಮುಚ್ಚಿ ನಂಬಬೇಡಿ. ಆ ಕಾಲದ ಅರ್ಧ ಊರಿಗೆ ಜನ್ಮದಿನ ಕೊಟ್ಟವರು ಮೇಷ್ಟ್ರುಗಳು.

ಪ್ರಶ್ನೆ: ಕೈಯಲ್ಲಿ ಬರೆಯುವುದು ಒಳ್ಳೆಯದೋ, ಮೊಬೈಲಿಗೆ ಹೇಳಿ ಟೈಪ್ ಮಾಡಿಸುವುದೋ?
— ಓದುಗರೊಬ್ಬರು, ಕುಂಬಳೆ

ಉತ್ತರ: ನಿಮಗೆ ಯಾವುದು ಸಲೀಸೋ ಅದು. ಮೊಬೈಲು ಕೇಳಿಸಿಕೊಂಡು ಬರೆದ ಕನ್ನಡದಲ್ಲಿ ನಮ್ಮ ಕಡೆಯ ಊರಿನ ಹೆಸರುಗಳೂ ಮನೆತನದ ಹೆಸರುಗಳೂ ಎಡವಟ್ಟಾಗಿ ಬರುತ್ತವೆ, ಅವನ್ನು ಅಂದಂದೇ ತಿದ್ದಿಕೊಳ್ಳಿ. ತಿಂಗಳು ಬಿಟ್ಟು ನೋಡಿದರೆ ಅದೇನೆಂದು ನಿಮಗೇ ಗುರುತು ಸಿಗುವುದಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಊರಿನಲ್ಲಿರುವ ಅಮ್ಮನಿಗೆ ಎಂಬತ್ತೆರಡು ವರ್ಷ. ಅವರು ಮಾತಾಡುವುದು ತುಳು, ಓದುಬರಹ ಕಲಿತವರಲ್ಲ. ಅವರ ಬದುಕನ್ನು ನಾನು ಬರೆಯಬೇಕೆಂದಿದ್ದೇನೆ. ಆದರೆ ಕುಳಿತು ಕೇಳಿದರೆ ‘ಎಂಕ್ ದಾಲ ಗೊತ್ತುಜ್ಜಿ’ ಎಂದು ಎದ್ದು ಹೋಗುತ್ತಾರೆ. ಬರೆದರೂ ಕನ್ನಡದಲ್ಲಿ ಬರೆದದ್ದು ಅವರ ಮಾತಾಗುತ್ತದೆಯೇ?
— ಮೂಲತಃ ಉಪ್ಪಳದವರು

ಉತ್ತರ: ಎದುರಿಗೆ ಕೂರಿಸಿ, ಮೊಬೈಲು ಮುಂದಿಟ್ಟು, ‘ನಿನ್ನ ಬಾಲ್ಯದ ಬಗ್ಗೆ ಹೇಳಮ್ಮ’ ಎಂದರೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಬಾಲ್ಯ ಎಂಬುದು ನಮ್ಮ ಶಬ್ದ, ಅವರದಲ್ಲ. ಕೈಗೆ ಒಂದು ವಸ್ತು ಕೊಟ್ಟು ನೋಡಿ. ಅಟ್ಟದಲ್ಲಿ ಸೇರು, ಕಳಸೆ ಇದ್ದರೆ ಕೆಳಗಿಳಿಸಿ. ಹಿತ್ತಿಲಲ್ಲಿ ಮಗುಚಿ ಹಾಕಿದ ಕಡೆಯುವ ಕಲ್ಲಿದ್ದರೆ ಅದರ ಹತ್ತಿರ ಕುಳಿತುಕೊಳ್ಳಿ. ‘ಈ ಕಲ್ಲು ಎಲ್ಲಿಂದ ಬಂತು, ಹೊತ್ತು ತಂದವರು ಯಾರು, ಮದುವೆಯಾಗಿ ಬಂದ ಮೊದಲ ದಿನ ಎಷ್ಟು ಜನರಿಗೆ ಕಡೆದಿರಿ’ ಎಂದು ಕೇಳಿ. ಎಷ್ಟು ಜನ ಎಂಬ ಪ್ರಶ್ನೆಗೆ ಹೆಂಗಸರು ತಪ್ಪದೆ ಉತ್ತರ ಕೊಡುತ್ತಾರೆ, ಆ ಲೆಕ್ಕ ಅವರ ರಟ್ಟೆಯಲ್ಲಿರುತ್ತದೆ. ಧ್ವನಿಮುದ್ರಣ ಮಾಡುವುದಾದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಅಮ್ಮನಾದರೂ ಸರಿ. ಒಂದು ಸಲಕ್ಕೆ ಅರ್ಧ ಗಂಟೆ ಮೀರುವುದು ಬೇಡ. ನಡುವೆ ಅವರು ಸುಮ್ಮನಾದರೆ ನೀವು ಮುಂದಿನ ಪ್ರಶ್ನೆ ಕೇಳಲು ಅವಸರಪಡಬೇಡಿ. ಹೇಳಬೇಕೋ ಬೇಡವೋ ಎಂದು ಅವರು ತೂಗಿನೋಡುತ್ತಿರುವುದು ಆ ಹೊತ್ತಿನಲ್ಲೇ.

ಬೇರೆಯವರು ಹೇಳಿದ್ದನ್ನು ಬರೆದುಕೊಡುವುದು ಕೀಳೆಂಬ ಭಾವನೆ ಬೇಡ. ರಂಗಕರ್ಮಿ ಬಿ.ವಿ. ಕಾರಂತರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಹಾಗೆ ಬಂದದ್ದೇ: ಹೇಳಿದವರು ಕಾರಂತರು, ಬರಹಕ್ಕಿಳಿಸಿದವರು ವೈದೇಹಿ. ಹೇಳಿದವರ ‘ನಾನು’ ಪುಸ್ತಕದಲ್ಲಿ ಉಳಿಯಬೇಕೋ, ಅಥವಾ ‘ಅಮ್ಮ ಹೀಗೆಂದರು’ ಎಂದು ನೀವು ಮುಂದೆ ನಿಂತು ಹೇಳಬೇಕೋ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ನನ್ನ ಒಲವು ಎರಡನೆಯದರ ಕಡೆಗೆ. ಅಮ್ಮನ ‘ನಾನು’ವನ್ನು ನೀವು ಕನ್ನಡದಲ್ಲಿ ಬರೆದರೆ, ಅವರು ಎಂದೂ ಆಡದ ಭಾಷೆಯನ್ನು ಅವರ ಬಾಯಿಗೆ ಇಟ್ಟಂತಾಗುತ್ತದೆ. ನೀವೇ ಹೇಳುವವರಾದರೆ, ಕನ್ನಡ ನಿಮ್ಮದು, ನಡುನಡುವೆ ಕೇಳಿಬರುವ ತುಳು ಅವರದು.

ತುಳು ಮಾತು ಎಷ್ಟು ಬರಬೇಕೆಂದರೆ, ಕನ್ನಡಕ್ಕೆ ತಂದರೆ ಮುಕ್ಕಾಗುವಷ್ಟು. ‘ಬಡವು’ ಎಂಬ ಶಬ್ದವನ್ನೇ ನೋಡಿ. ತುಳುವಿನಲ್ಲಿ ಅದು ಹಸಿವು, ಘಟ್ಟದ ಮೇಲಿನ ಓದುಗರ ಕಿವಿಗೆ ಬಡತನ. ಕಂಸದೊಳಗೆ ಅರ್ಥ ಕೊಟ್ಟರೆ ಪಠ್ಯಪುಸ್ತಕವಾಗುತ್ತದೆ. ಅದರ ಬದಲು, ‘ಬಡವಾಪುಂಡು ಎಂದು ಅತ್ತರೆ ಗಂಜಿ ಬೇಗ ಬೇಯುವುದಿಲ್ಲವೆಂದು ಆ ವಯಸ್ಸಿಗೇ ಅವರಿಗೆ ಗೊತ್ತಿತ್ತು’ ಎಂದು ಬರೆದರೆ ಅರ್ಥವನ್ನು ಗಂಜಿಯೇ ಹೇಳುತ್ತದೆ. ಹವ್ಯಕ ಮನೆಗಳಿಂದ ಬರೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಬಂದವರಿಗೆ ‘ಆಸರಿಂಗೆ ಎಂತ ಬೇಕು’ ಎಂದು ಕೇಳುವುದನ್ನು ‘ಕುಡಿಯಲು ಏನು ಕೊಡಲಿ’ ಎಂದು ಬದಲಿಸಿದರೆ ಜಗಲಿಯೇ ಹೊರಟುಹೋಯಿತು. ಆ ಮಾತನ್ನು ಹಾಗೆಯೇ ಬಿಟ್ಟು, ಮುಂದಿನ ವಾಕ್ಯದಲ್ಲಿ ಮಜ್ಜಿಗೆಯ ಲೋಟವನ್ನು ತಂದಿಡಿ.

ಬರೆದದ್ದನ್ನು ಅಮ್ಮನಿಗೆ ತುಳುವಿನಲ್ಲಿ ಹೇಳಿ ತೋರಿಸಿ. ‘ಅಂಚತ್ತ್’ ಎಂದು ಅವರು ತಡೆದ ಜಾಗಗಳಿಗೆ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ನಾನು ಹುಟ್ಟಿದ್ದು 1952ರಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ ಇತಿಹಾಸವನ್ನು ನನ್ನ ನೆನಪಿನ ಪುಸ್ತಕದ ಮೊದಲ ಅಧ್ಯಾಯವಾಗಿ ಇಟ್ಟಿದ್ದೇನೆ. ಅದಿಲ್ಲದೆ ನಮ್ಮ ಬದುಕು ಅರ್ಥವಾಗುವುದಿಲ್ಲವಷ್ಟೆ?
— ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಅರ್ಥವಾಗುವುದಿಲ್ಲವೆಂಬುದು ಸರಿ, ಮೊದಲ ಅಧ್ಯಾಯವಾಗಿ ಇರಬೇಕೆಂಬುದನ್ನು ಮಾತ್ರ ಒಪ್ಪಲಾರೆ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ತಾಲೂಕು 1956ರಲ್ಲಿ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಗೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ನೀವು ಇಪ್ಪತ್ತೆಂಟು ಪುಟಗಳಲ್ಲಿ ಬರೆದುದನ್ನು ನಾನು ಮೂರು ವಾಕ್ಯಗಳಲ್ಲಿ ಹೇಳಿದೆ, ಇತಿಹಾಸಕಾರರು ಮುನ್ನೂರು ಪುಟಗಳಲ್ಲಿ ಹೇಳಬಲ್ಲರು. ನಮ್ಮಿಬ್ಬರಿಗೂ ಸಿಗದ, ನಿಮಗೆ ಮಾತ್ರ ಸಿಗುವ ಒಂದು ವಿಚಾರವಿದೆ: 1956ರ ಆ ನವೆಂಬರಿನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಮುಳ್ಳೇರಿಯದ ಒಂದು ಮನೆಯಲ್ಲಿ ಏನನ್ನು ಕಂಡ?

ಬಹುಶಃ ಏನನ್ನೂ ಕಾಣಲಿಲ್ಲ. ದೊಡ್ಡವರ ಧ್ವನಿ ಒಂದು ಸಂಜೆ ಏರಿದ್ದು ನೆನಪಿರಬಹುದು, ಅಷ್ಟೆ. ಅಷ್ಟನ್ನೇ ಬರೆಯಿರಿ. ನಿಮ್ಮ ಕರಡಿನಲ್ಲಿ ಅಂದಿನ ಸಭೆಯ ಭಾಷಣವನ್ನು ಕಣ್ಣಾರೆ ಕಂಡವರಂತೆ ವರ್ಣಿಸಿದ್ದೀರಿ. ನಾಲ್ಕು ವರ್ಷದವನ ಕಣ್ಣಿಗೆ ಅಷ್ಟು ಕಾಣುವುದಿಲ್ಲವೆಂದು ಓದುಗರಿಗೆ ಗೊತ್ತು. ಅವರ ನಂಬಿಕೆ ಅಲ್ಲಿ ಮುರಿದರೆ ಮುಂದೆ ನೀವು ನಿಜವಾಗಿ ಕಂಡದ್ದಕ್ಕೂ ಬೆಲೆ ಬರುವುದಿಲ್ಲ.

ನಾನು ಕರಡು ತಿದ್ದುವಾಗ ಪ್ರತಿ ಪ್ಯಾರಾದ ಅಂಚಿನಲ್ಲಿ ‘ಕಂ’, ‘ಕೇ’, ‘ಊ’ ಎಂದು ಗುರುತು ಹಾಕುತ್ತೇನೆ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಈ ಗುರುತುಗಳು ಅಚ್ಚಾಗುವುದಿಲ್ಲ, ಆದರೆ ಅವು ವಾಕ್ಯದ ಕೊನೆಯನ್ನು ತಿದ್ದುತ್ತವೆ. ಇದಕ್ಕೆ ಕನ್ನಡವೇ ದಾರಿ ಮಾಡಿಕೊಟ್ಟಿದೆ. ‘ಅಪ್ಪ ರಾತ್ರಿ ತಡವಾಗಿ ಬಂದರು’ ಎಂದರೆ ಬಾಗಿಲು ತೆರೆದದ್ದನ್ನು ನೀವು ಕಂಡಿದ್ದೀರಿ. ‘ಬಂದರಂತೆ’ ಎಂದರೆ ಅಮ್ಮ ಹೇಳಿದ್ದು. ‘ಬಂದಿರಬೇಕು’ ಎಂದರೆ ಬೆಳಿಗ್ಗೆ ಜಗಲಿಯಲ್ಲಿ ಕೆಸರಿನ ಚಪ್ಪಲಿ ನೋಡಿ ನೀವೇ ಲೆಕ್ಕ ಹಾಕಿದ್ದು. ಒಂದು ‘ಅಂತೆ’ ಮಾಡುವ ಕೆಲಸಕ್ಕೆ ಎಷ್ಟೋ ಭಾಷೆಯವರು ಅರ್ಧ ವಾಕ್ಯ ಖರ್ಚು ಮಾಡಬೇಕಾಗುತ್ತದೆ. ಹೀಗಿರುವಾಗ ನಮ್ಮ ಬರಹಗಾರರು ಗಾಂಭೀರ್ಯಕ್ಕೆ ಕುಂದೆಂದು ‘ಅಂತೆ’ಯನ್ನು ದೂರವಿಡುವುದು ನನಗೆ ಅರ್ಥವಾಗದ ಸಂಗತಿ. ಅದು ಹರಟೆಯ ಶಬ್ದವಲ್ಲ, ಪ್ರಾಮಾಣಿಕತೆಯ ಪ್ರತ್ಯಯ.

ಏಕೀಕರಣ ಹೋರಾಟದ ಮುಂಚೂಣಿಯಲ್ಲಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ದುಡಿತವೇ ನನ್ನ ದೇವರು’. ಗಡಿಯ ಹೆಸರಲ್ಲ, ಹೋರಾಟದ ಹೆಸರಲ್ಲ. ನಿಮ್ಮ ಇಪ್ಪತ್ತೆಂಟು ಪುಟಗಳ ಗತಿ ಏನೆಂದು ಕೇಳುವಿರಾದರೆ, ಇತಿಹಾಸ ನಿಮ್ಮ ಮನೆಯ ತಡಮೆ ದಾಟಿ ಒಳಬಂದಾಗಲೆಲ್ಲ ಅದನ್ನು ಬರಮಾಡಿಕೊಳ್ಳಿ. ಶಾಲೆಗೆ ಮಲಯಾಳದ ಮೊದಲ ಸುತ್ತೋಲೆ ಬಂದ ದಿನ, ನೌಕರಿಯ ಅರ್ಜಿಯಲ್ಲಿ ಮಾತೃಭಾಷೆಯ ಖಾನೆ ತುಂಬಿದ ದಿನ, ಬಸ್ಸಿನ ಬೋರ್ಡಿನಲ್ಲಿ ನಿಮ್ಮ ಊರಿನ ಹೆಸರು ನೀವು ಓದಲಾರದ ಲಿಪಿಗೆ ತಿರುಗಿದ ದಿನ. ಊರುಗಳ ಹೆಸರನ್ನು ಆಯಾ ಕಾಲದಲ್ಲಿ ಆಯಾ ಜನ ಕರೆದಂತೆಯೇ ಬರೆಯಿರಿ. ಅಜ್ಜ ಹೊಸದುರ್ಗವೆಂದು, ಮೊಮ್ಮಗ ಕಾಞಂಗಾಡ್ ಎಂದು ಕರೆಯುವುದಿದ್ದರೆ ಎರಡೂ ಇರಲಿ.

ಪ್ರಶ್ನೆ: ಆಸ್ತಿ ಪಾಲಾದ ಮೇಲೆ ಅಪ್ಪಚ್ಚಿ, ಎಂದರೆ ಚಿಕ್ಕಪ್ಪ, ನಮ್ಮ ತಂದೆಗೆ ಬಾವಿಯ ನೀರು ಮುಟ್ಟಲು ಬಿಡಲಿಲ್ಲ. ಅಪ್ಪಚ್ಚಿ ತೀರಿಹೋಗಿ ಹತ್ತು ವರ್ಷವಾಯಿತು, ಅವರ ಮಕ್ಕಳು ಪಕ್ಕದಲ್ಲೇ ಇದ್ದಾರೆ. ಇದನ್ನು ಬರೆಯಬಹುದೇ? ಹೆಸರು ಬದಲಿಸಿದರೆ ಸಾಕೇ? ಅಪ್ಪಚ್ಚಿ ತಂದೆಗೆ ಬರೆದ ಕಾಗದಗಳೂ ನನ್ನ ಬಳಿ ಇವೆ.
— ಓದುಗರೊಬ್ಬರು, ನೀರ್ಚಾಲು

ಉತ್ತರ: ಕಾನೂನಿನ ಮಾತು ಮೊದಲು. ಸತ್ತವರ ಬಗ್ಗೆ ಏನು ಬರೆದರೂ ನಡೆಯುತ್ತದೆಂಬುದು ತಪ್ಪು ತಿಳಿವಳಿಕೆ. ಬದುಕಿದ್ದರೆ ಅವರ ಮರ್ಯಾದೆಗೆ ಕುಂದಾಗುತ್ತಿದ್ದಂಥ ಆರೋಪವನ್ನು, ಮನೆಯವರ ಮತ್ತು ಹತ್ತಿರದ ಬಂಧುಗಳ ಮನಸ್ಸು ನೋಯಿಸುವ ಉದ್ದೇಶದಿಂದ ಮಾಡಿದರೆ ಅದೂ ಮಾನಹಾನಿಯಾಗಬಹುದೆಂದು ಹಿಂದಿನ ಭಾರತೀಯ ದಂಡಸಂಹಿತೆಯ 499ನೆಯ ಕಲಮಿನ ವಿವರಣೆಯಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲೂ ಅದೇ ಇದೆ. ಬರೆದದ್ದು ನಿಜವೆಂಬುದೊಂದೇ ಕ್ರಿಮಿನಲ್ ಪ್ರಕರಣದಲ್ಲಿ ರಕ್ಷಣೆಯಾಗುವುದಿಲ್ಲ, ಅದನ್ನು ಪ್ರಕಟಿಸುವುದು ಸಾರ್ವಜನಿಕ ಹಿತಕ್ಕೆ ಬೇಕಾಗಿತ್ತೆಂದೂ ತೋರಿಸಬೇಕು. ಕಾಗದಗಳ ವಿಷಯದಲ್ಲಿ, ಹಾಳೆ ನಿಮ್ಮದು, ಅದರ ಮೇಲಿನ ವಾಕ್ಯಗಳು ಬರೆದವರದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕು ಬರೆದವರು ತೀರಿಕೊಂಡ ಮೇಲೂ ಬಹಳ ವರ್ಷ ಉಳಿಯುತ್ತದೆ, ಈಗ ಅದು ಅವರ ಮಕ್ಕಳ ಕೈಯಲ್ಲಿರುವ ಸಾಧ್ಯತೆಯೇ ಹೆಚ್ಚು. ಸಾರಾಂಶ ಹೇಳುವುದು ಬೇರೆ, ಕಾಗದವನ್ನು ಇಡಿಯಾಗಿ ಅಚ್ಚು ಮಾಡುವುದು ಬೇರೆ. ನಾನು ವಕೀಲನಲ್ಲ. ಪುಸ್ತಕವಾಗುವ ಮೊದಲು ಆ ಅಧ್ಯಾಯವನ್ನು ವಕೀಲರಿಗೊಮ್ಮೆ ತೋರಿಸಿ.

ಹೆಸರು ಬದಲಿಸುವುದರಿಂದ ಊರಲ್ಲಿ ಏನೂ ಬದಲಾಗುವುದಿಲ್ಲ. ಬಾವಿ ಎಲ್ಲಿದೆಯೆಂದು ಬರೆದ ಕೂಡಲೇ ನೀರ್ಚಾಲಿನಲ್ಲಿ ಅದು ಯಾರ ಬಾವಿಯೆಂದು ಮಕ್ಕಳಿಗೂ ಗೊತ್ತಾಗುತ್ತದೆ.

ಕಾನೂನಿಗಿಂತ ಕಷ್ಟದ್ದು ಬರಹದ ನ್ಯಾಯ. ನಿಮ್ಮ ಪತ್ರದಲ್ಲಿ ಅಪ್ಪಚ್ಚಿ ಏಳು ಸಲ ಬರುತ್ತಾರೆ, ಏಳು ಸಲವೂ ಬಾಗಿಲು ಹಾಕಿಕೊಳ್ಳುತ್ತಲೇ ಇರುತ್ತಾರೆ. ಆ ಮನುಷ್ಯ ನಗುತ್ತಿರಲಿಲ್ಲವೇ? ನೀವು ಚಿಕ್ಕವರಿದ್ದಾಗ ಕುಂಬಳೆ ಆಯನದ ಜಾತ್ರೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋದವರು ಯಾರು? ಅದು ಅವರೇ ಆಗಿದ್ದರೆ, ಆ ಹೆಗಲೂ ಪುಸ್ತಕದಲ್ಲಿರಬೇಕು, ಬಾವಿಯ ಕಟ್ಟೆಯ ಪಕ್ಕದಲ್ಲೇ ಇರಬೇಕು. ಇನ್ನೊಂದನ್ನೂ ಕೇಳಬೇಕಾಗಿದೆ. ಬಾವಿಗೆ ಬೇಲಿ ಬಂದ ದಿನ ನೀವು ಎಲ್ಲಿದ್ದಿರಿ, ಏನು ಮಾಡಿದಿರಿ? ಹದಿನಾರು ವರ್ಷದವರಾಗಿದ್ದೆನೆಂದು ಬರೆದಿದ್ದೀರಿ. ಅಪ್ಪಚ್ಚಿಯ ಮಕ್ಕಳ ಜೊತೆ ಮಾತು ಬಿಟ್ಟಿರೇ? ಬೇಲಿಯ ಗೂಟ ಕಿತ್ತಿರೇ? ಅಥವಾ ಏನೂ ಮಾಡದೆ ದೂರದ ಕೆರೆಯಿಂದ ನೀರು ಹೊತ್ತಿರೇ? ನಿಮ್ಮ ಪಾಲಿನ ತಪ್ಪನ್ನು, ಹೇಡಿತನವನ್ನು, ಮೌನವನ್ನು ಅಷ್ಟೇ ಸ್ಪಷ್ಟವಾಗಿ ಬರೆಯಬಲ್ಲಿರಾದರೆ ಅಪ್ಪಚ್ಚಿಯ ಬಗ್ಗೆ ಬರೆಯುವ ಅಧಿಕಾರ ನಿಮಗೆ ಬರುತ್ತದೆ. ಇಲ್ಲವಾದರೆ ಅದು ಕೋರ್ಟಿಗೆ ಕೊಡುವ ಅಫಿದವಿತ್ತು.

ಅಚ್ಚಿಗೆ ಹೋಗುವ ಮೊದಲು ಆ ಅಧ್ಯಾಯವನ್ನು ಪಕ್ಕದ ಮನೆಯವರಿಗೆ ಓದಲು ಕೊಡಿ. ಅವರ ಅಪ್ಪಣೆಗಾಗಿ ಅಲ್ಲ. ಬಾವಿಯ ಆಚೆ ಬದಿಯಿಂದ ಅದು ಹೇಗೆ ಕಂಡಿತೆಂಬುದು ನಿಮಗೆ ‘ಊ’, ಅವರಿಗೆ ‘ಕಂ’.

ಪ್ರಶ್ನೆ: ಸ್ವಂತ ಖರ್ಚಿನಲ್ಲಿ ನೂರು ಪ್ರತಿ ಮಾತ್ರ ಅಚ್ಚು ಹಾಕಿಸಬೇಕೆಂದಿದ್ದೇನೆ. ಐ.ಎಸ್.ಬಿ.ಎನ್. ಎಂಬ ಪುಸ್ತಕದ ಗುರುತು ಸಂಖ್ಯೆ ಬೇಕೇ? ಬೇರೆ ಏನೇನು ನೋಡಿಕೊಳ್ಳಬೇಕು?
— ನಿವೃತ್ತ ಅಂಚೆ ನೌಕರರು, ಮಂಜೇಶ್ವರ

ಉತ್ತರ: ಮನೆಯವರಿಗೆ ಹಂಚುವುದಕ್ಕೆ ಮಾತ್ರವಾದರೆ ಬೇಡ. ಅಂಗಡಿಗೂ ಗ್ರಂಥಾಲಯಕ್ಕೂ ಹೋಗಬೇಕೆಂದಿದ್ದರೆ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಐ.ಎಸ್.ಬಿ.ಎನ್. ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಯಾರಾದರೂ ದುಡ್ಡು ಕೇಳಿದರೆ ಅದು ನಡುವಿನವರ ದುಡ್ಡು. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈನ ಕನ್ನೆಮರ ಗ್ರಂಥಾಲಯವೇ ಮೊದಲಾದವಕ್ಕೂ ಪ್ರತಿ ಕಳುಹಿಸಬೇಕು. ಸ್ವತಃ ಪ್ರಕಾಶಕರಾದರೆ ಆ ಕೆಲಸವೂ ನಿಮ್ಮದೇ, ನೂರರಲ್ಲಿ ಅಷ್ಟು ಪ್ರತಿಗಳನ್ನು ಮೊದಲೇ ತೆಗೆದಿರಿಸಿ.

ಹಳೆಯ ಫೋಟೋಗಳ ಕೆಳಗೆ ಎಲ್ಲರ ಹೆಸರನ್ನೂ ಎಡದಿಂದ ಬಲಕ್ಕೆ ಬರೆಯಿರಿ. ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುವ ಕೆಲಸದ ಆಳಿನ ಹೆಸರನ್ನೂ ವಿಚಾರಿಸಿ ಸೇರಿಸಿ. ಅಕ್ಷರದ ಗಾತ್ರ ಹದಿನಾಲ್ಕು ಪಾಯಿಂಟಿಗಿಂತ ಸಣ್ಣದಾಗುವುದು ಬೇಡ, ಓದುವವರಲ್ಲಿ ನಿಮ್ಮ ವಯಸ್ಸಿನವರೇ ಹೆಚ್ಚಿರುತ್ತಾರೆ. ಕರಡಚ್ಚನ್ನು ಇಬ್ಬರು ತಿದ್ದಲಿ: ಕನ್ನಡ ಚೆನ್ನಾಗಿ ಬಲ್ಲವರೊಬ್ಬರು, ನಿಮ್ಮ ಊರನ್ನು ಚೆನ್ನಾಗಿ ಬಲ್ಲವರೊಬ್ಬರು. ಮೊದಲನೆಯವರು ಒತ್ತಕ್ಷರದ ತಪ್ಪು ಹಿಡಿಯುತ್ತಾರೆ. ಆ ಹಳೆಯ ಮಾವಿನ ಮರವಿದ್ದದ್ದು ಅಂಚೆ ಕಚೇರಿಯ ಮುಂದಲ್ಲ, ಹಿಂದೆ ಎಂದು ಹೇಳುವವರು ಎರಡನೆಯವರು.